ರುಮಾಲು ಸುತ್ತಿದ ರ

ಒಂದಾನೊಂದು ಕಾಲದಲ್ಲಿ, ಅಕ್ಷರವನ್ನೆಲ್ಲ ಮರಳಿನ ಮೇಲೇ ತಿದ್ದುತ್ತಿದ್ದ ಕಾಲದಲ್ಲಿ, ಹೊನ್ನಿ ಅಂತ ಒಬ್ಬ ಹುಡುಗಿ ಇದ್ದಳಂತೆ. ಅವಳಿಗೆ ಓದು ಕಲಿಯೋ ಆಸೆ, ಅವಳಪ್ಪನಿಗೆ ಅವಳನ್ನ ಕುರಿ ಹಿಂದೆ ಕಳಿಸೋ ಆಸೆ. ಅತ್ತೂ ಕರೆದೂ ಗುರುಪಾದಯ್ಯ ಐಗಳ ಮಠ ಸೇರಿದಳಂತೆ. ಐಗಳು ಅಂದ್ರೆ ಮೇಷ್ಟ್ರು, ಮಠ ಅಂದ್ರೆ ಅವರ ಶಾಲೆ ಕಣೇ ಪುಟ್ಟಿ. ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ಬೆತ್ತ. ಮೂರು ಸಲ ತಪ್ಪಿದರೆ ಕುರಿ ಕಾಯೋಕೆ ಹೋಗು ಅನ್ನೋದು ಅವರ ಕಾನೂನಂತೆ.

ಮೊದಲನೇ ದಿನ ಗ ಬರಿ ಅಂದರಂತೆ. ಹೊನ್ನಿ ಬರೆದಳು, ನೋಡಿದಳು, ಅಯ್ಯೋ ಇದು ಗುಡಿಸಲ ಹಾಗೇ ಇದೆಯಲ್ಲ ಅಂತ ಒಳಗೊಂದು ಕುರಿಮರಿ ಮಲಗಿಸಿದಳಂತೆ. ತಪ್ಪು ಒಂದು. ಮಾರನೇ ದಿನ ಠ ಬರಿ ಅಂದರೆ, ಇದು ಹೆಂಚಿನ ಮೇಲಿನ ರೊಟ್ಟಿ, ಒಂದೇ ಚುಕ್ಕಿ ಇದ್ರೆ ಬೆಂದಿಲ್ಲ ಅಂತ ರೊಟ್ಟಿ ತುಂಬ ಚುಕ್ಕಿ ಇಟ್ಟಳಂತೆ. ತಪ್ಪು ಎರಡು. ಮೂರನೇ ದಿನ, ಇವತ್ತು ಸುಮ್ಮನಿರು ಅಂತ ದಾರಿಯುದ್ದಕ್ಕೂ ತನ್ನ ಕೈಗೇ ಬುದ್ಧಿ ಹೇಳುತ್ತಾ ಬಂದಳಂತೆ. ಕೈ ಕೇಳಬೇಕಲ್ಲ! ಐಗಳು ರ ಬರಿ ಅಂದರು. ದುಂಡು ಮುಖ, ತಲೆ ಮೇಲೆ ರುಮಾಲು. ಅಷ್ಟು ಕಂಡಮೇಲೆ ಕಣ್ಣು, ಮೀಸೆ ಬಿಡೋಕಾಗುತ್ತಾ? ಥೇಟ್ ಐಗಳೇ!

ಮಠವೆಲ್ಲ ಕಿಸಕ್ಕಂತು. ಅಳಿಸು, ಮನೆಗೆ ನಡಿ ಅಂದರಂತೆ ಐಗಳು. ಹೊನ್ನಿ ಕಣ್ಣೊರೆಸಿಕೊಂಡು ಮರಳಿಗೆ ಕೈ ಹಾಕುವಷ್ಟರಲ್ಲಿ ಊರಗೌಡರ ಮಗ ಮುದಕಪ್ಪ, ಮೂರು ವರ್ಷದಿಂದ ಒಂದಕ್ಷರವೂ ತಲೆಗೆ ಹತ್ತದೆ ಕೂತಿದ್ದವನು, ಎರಡೂ ಕೈ ಅಡ್ಡ ಇಟ್ಟನಂತೆ. ಅಳಿಸಬೇಡ ಕಣೇ, ಇದು ನಂಗೆ ಬರತ್ತೆ! ಇದು ರುಮಾಲಿನ ರ, ಮೊನ್ನೇದು ಗುಡಿಸಲ ಗ, ನಿನ್ನೇದು ರೊಟ್ಟಿ ಠ ಅಂದವನೇ ಮೂರನ್ನೂ ತಪ್ಪಿಲ್ಲದೆ ಬರೆದನಂತೆ.

ಐಗಳ ಹೆಂಡತಿ ಬಸಮ್ಮ ಒಳಗಿಂದಲೇ, ಮೂರು ವರ್ಷ ಬೆತ್ತ ಸವೆಸಿದರೂ ಆಗದ್ದು ಮೂರು ದಿನದಲ್ಲಿ ಆಯ್ತು, ಈಗ ಯಾರು ಕುರಿ ಕಾಯೋಕೆ ಹೋಗಬೇಕು ಹೇಳಿ ಅಂದಳಂತೆ.

ಐಗಳು ಮರಳ ಮೇಲಿನ ಮುಖವನ್ನ ಬಗ್ಗಿ ಬಗ್ಗಿ ನೋಡಿದರಂತೆ. ಆಮೇಲೆ, ಮೀಸೆ ಸ್ವಲ್ಪ ಸಣ್ಣದಾಯ್ತು ಕಣವ್ವಾ ಅಂದರಂತೆ! ಬೆತ್ತ ಅಟ್ಟಕ್ಕೆಸೆದು, ಹೊನ್ನಿಗೆ ಮರಳಿನ ಎರಡು ಹಲಗೆ ಕೊಟ್ಟರಂತೆ. ಒಂದರಲ್ಲಿ ನಾನು ಹೇಳಿದ್ದನ್ನ ಹೇಳಿದ ಹಾಗೇ ಬರಿ, ಇನ್ನೊಂದರಲ್ಲಿ ನಿನಗೆ ಕಂಡದ್ದನ್ನ ಬರಿ, ಎರಡನ್ನೂ ನಾನೇ ನೋಡ್ತೀನಿ ಅಂತ.

ಹೊನ್ನಿ ದೊಡ್ಡವಳಾಗಿ ಅದೇ ಮಠದಲ್ಲಿ ಪಾಠ ಹೇಳೋಕೆ ಕೂತಳಂತೆ. ಅವಳ ಹತ್ತಿರ ಕಲಿತ ಒಬ್ಬರೂ ಅಕ್ಷರಕ್ಕೆ ಹೆದರಲಿಲ್ಲವಂತೆ. ರೊಟ್ಟಿ ಬೆಂತು, ಗುಡಿಸಲಲ್ಲಿ ಕುರಿಮರಿ ಮಲಗಿತು, ಕತೆ ಮುಗೀತು. ನೀನೂ ಮಲಗು.