ಚಂದ್ರನ ಹತ್ತಿರ ಹೋದ ಅವ್ವ

ಮಾಯಿಗ ಪೆದ್ದ ಅಂದರೆ ಅಂಥಿಂಥ ಪೆದ್ದನಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಅವನ ಅವ್ವ ಸಣ್ಣಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಸೌಟು ತಿರುಗಿಸುತ್ತಾ ಅವಳದು ಒಂದೇ ಕೊರಗು: "ನಾನು ಹೋದ್ ಮೇಲೆ ನಿನ್ನ ಯಾರ್ಲಾ ನೋಡ್ಕಳೋರು?"

ಒಂದು ದಿನ ಆ ಶಾಲೆಗೆ ವಿಶಾಲಾಕ್ಷಿ ಮೇಡಂ ಬಂದರು. ಅವರ ಹತ್ತಿರ ಒಂದು ಬಟ್ಟೆಯ ಗುಮ್ಮಟವಿತ್ತು. ಫ್ಯಾನ್ ಹಾಕಿದರೆ ಗಾಳಿ ತುಂಬಿ ಎದ್ದು ನಿಲ್ಲುತ್ತಿತ್ತು, ಆರಿಸಿದರೆ ಮಲಗಿಬಿಡುತ್ತಿತ್ತು. ಒಳಗೆ ತೂರಿ ಕೂತು, ಮೇಡಂ ಬೆಳಕಿನ ಯಂತ್ರ ಹಚ್ಚಿದರೆ ತಲೆಯ ಮೇಲೆ, ಬೆನ್ನ ಹಿಂದೆ, ಎಲ್ಲೆಲ್ಲೂ ಆಕಾಶ! ಪಾಠಕ್ಕೆ ಆಕಳಿಸುವ ಮಕ್ಕಳು ಅಲ್ಲಿ ಬಾಯಿ ಬಿಟ್ಟುಕೊಂಡು ಗ್ರಹ ನೋಡುತ್ತಿದ್ದರು. ಸಣ್ಣಮ್ಮ ಕೈಮುಗಿದು ಬೇಡಿಕೊಂಡಳು. ಮೇಡಂ ಮಾಯಿಗನನ್ನು ಸಹಾಯಕ್ಕೆ ಇಟ್ಟುಕೊಂಡರು. ಈ ಕೆಲಸವೊಂದು ಉಳಿದರೆ ತಾನು ನೆಮ್ಮದಿಯಾಗಿ ಕಣ್ಣು ಮುಚ್ಚಬಹುದು ಅಂದುಕೊಂಡಳು ಸಣ್ಣಮ್ಮ.

"ಮಕ್ಕಳಿಗೆ ಏನೂ ಆಗದ ಹಾಗೆ ನೋಡ್ಕೋಪ್ಪಾ" ಅಂದರು ಮೇಡಂ. ಆಟ ಶುರುವಾಯಿತು. ಸೂರ್ಯ ಧಗಧಗ ಉರಿಯುತ್ತಾ ಹತ್ತಿರ ಬಂದ. ಇನ್ನೂ ಹತ್ತಿರ ಬಂದ. ಮಕ್ಕಳು ಕಿರುಚಿದರು. ಮಾಯಿಗ ಓಡಿಹೋಗಿ ಬಿಂದಿಗೆ ತಂದು ಸೂರ್ಯನ ಮೇಲೆ ನೀರು ಎರಚಿಯೇಬಿಟ್ಟ! ಸೂರ್ಯ ಆರಲಿಲ್ಲ, ಕೆಳಗೆ ಕೂತಿದ್ದ ಹೆಡ್ಮಾಸ್ತರು ಒದ್ದೆಯಾದರು.

"ಅಯ್ಯೋ ಪೆದ್ದಪ್ಪಾ! ಒಳಗೆ ಕಾಣೋದೆಲ್ಲಾ ಬರೀ ಬೆಳಕು ಕಣೋ. ಏನು ಕಂಡರೂ ಅಲ್ಲಾಡಬೇಡ!" ಅಂದರು ಮೇಡಂ.

"ಆಯ್ತು ಮೇಡಂ" ಅಂದ ಮಾಯಿಗ.

ಪಕ್ಕದೂರಿನ ಶಾಲೆಯಲ್ಲಿ ಮಾಯಿಗ ಬಾಗಿಲಲ್ಲಿ ಕೂತಿದ್ದ. ಒಂದು ಮೇಕೆ ಬಂತು. ಬರೀ ಬೆಳಕು ಅಂದುಕೊಂಡು ಮಾಯಿಗ ಅಲ್ಲಾಡಲಿಲ್ಲ. ಮೇಕೆ ಅವನನ್ನು ತುಳಿದುಕೊಂಡೇ ಒಳಗೆ ಹೋಯಿತು. ಆಗಲೂ ಅಲ್ಲಾಡಲಿಲ್ಲ. ಅದು ಶನಿಗ್ರಹದ ಕೆಳಗೆ ನಿಂತು, ಶಾಲೆಯವರು ಮೇಡಂ ಕೊರಳಿಗೆ ಹಾಕಿದ್ದ ಹೂವಿನ ಹಾರ ತಿಂದು, ಸೆರಗಿಗೆ ಬಾಯಿ ಹಾಕಿತು.

"ಮಾಯಿಗಾ! ಮೇಕೆ!"

"ಹೆದರ್ಕಬೇಡಿ ಮೇಡಂ, ಬರೀ ಬೆಳಕು!"

ಮೇಡಂಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ನಿನ್ನ ಕಣ್ಣನ್ನ ನಂಬಿ ನಾನು ಕೆಟ್ಟೆ! ಇನ್ನು ನೀನು ಹೊರಗೆ ಫ್ಯಾನ್ ಹತ್ತಿರ ಕೂತ್ಕೋ. ಕಣ್ಣನ್ನ ನಂಬಬೇಡ, ನನ್ನ ಮಾತನ್ನ ನಂಬು. ಒಳಗಿರೋರೆಲ್ಲ ಹೋದ ಮೇಲೆ ಫ್ಯಾನ್ ಆರಿಸು, ಅಷ್ಟೇ. ಇದೇ ಕೊನೇ ಸಲ!"

ಮನೆಯಲ್ಲಿ ಸಣ್ಣಮ್ಮ ಹಣೆ ಚಚ್ಚಿಕೊಂಡಳು. "ಮೇಡಂ ಮಾತು ಮೀರಬ್ಯಾಡ ಕಣ್ಲಾ. ಈ ಕೆಲ್ಸಾನೂ ಹೋದ್ರೆ, ನಾನು ಹೋದ್ ಮೇಲೆ ನಿನ್ನ ಯಾರ್ಲಾ ನೋಡ್ಕಳೋರು?"

ಮುಂದಿನ ಆಟ ಮತ್ತೆ ಅವರೂರಲ್ಲೇ. ಮಗನನ್ನು ಕಾಯಬೇಕೆಂದು ಸಣ್ಣಮ್ಮನೂ ಬಂದಳು. ಆದರೆ ಮಕ್ಕಳು ಬಿಡಬೇಕಲ್ಲ, "ಬಾ ಅಜ್ಜಿ" ಅಂತ ಕೈಹಿಡಿದು ಒಳಗೆ ಎಳೆದುಕೊಂಡು ಹೋದವು. ಮಾಯಿಗ ಫ್ಯಾನ್ ಹತ್ತಿರ ಕಿವಿ ನಿಮಿರಿಸಿ ಕೂತ. ಒಳಗಿಂದ ಮೇಡಂ ದನಿ ಕೇಳಿತು.

"ಮಕ್ಕಳೇ, ಈಗ ನಾವೆಲ್ಲ ಭೂಮಿ ಬಿಟ್ಟು ಹೊರಟೆವು! ಇಗೋ, ಮೋಡ ದಾಟಿದೆವು! ಇಗೋ, ಚಂದ್ರನ ಹತ್ತಿರ ಬಂದೆವು! ಭೂಮಿ ಎಲ್ಲೋ ದೂರ ಉಳಿದುಹೋಯಿತು!"

ಎಲ್ಲರೂ ಹೋದರು! ಮಾಯಿಗ ಫ್ಯಾನ್ ಆರಿಸಿದ.

ಗುಮ್ಮಟ ಬುಸ್ ಎಂದು ಮಲಗಿತು. ಬಟ್ಟೆಯ ಕೆಳಗೆ ಮಕ್ಕಳು ಕಿಲಕಿಲ ನಗುತ್ತಾ ಒದ್ದಾಡಿದವು. ಮಾಯಿಗ ಅದನ್ನು ಕಂಡ. ಆದರೆ ಕಣ್ಣನ್ನ ನಂಬಬೇಡ ಅಂದಿದ್ದರಲ್ಲ! ತಿರುಗಿ ಬಟ್ಟೆ ಮಡಿಸಲು ಬಗ್ಗಿದ. ಆಗ ನೆನಪಾಯಿತು, ಅವ್ವನೂ ಒಳಗಿದ್ದಳು. ಅವ್ವನೂ ಹೋದಳು!

ಮಾಯಿಗ ಅಂಗಳದಲ್ಲಿ ಮುಖ ಮೇಲೆತ್ತಿ ನಿಂತು ಗೊಳೋ ಎಂದು ಅತ್ತ. "ಅವ್ವಾ! ವಾಪಸ್ ಬಾರವ್ವಾ! ನೀನು ಹೋದ್ ಮೇಲೆ ನನ್ನ ಯಾರವ್ವಾ ನೋಡ್ಕಳೋರು?"

ಬಟ್ಟೆಯ ಕೆಳಗೆ ಸಣ್ಣಮ್ಮ ಅದನ್ನು ಕೇಳಿದಳು. ಅವಳು ತೆವಳಿ ಹೊರಬಂದು ಮಗನ ತೋಳು ಹಿಡಿದಳು. "ಇಲ್ಲೇ ಇವ್ನಿ ಕಣ್ಲಾ!" ಅವಳ ಹಿಂದೆ ಮೇಡಂ ಕೆದರಿದ ಕೂದಲಲ್ಲಿ ಎದ್ದುಬಂದರು. ಬೈಯಲು ಬಾಯಿ ತೆರೆದವರು ಅವನ ಒದ್ದೆ ಕೆನ್ನೆ ನೋಡಿ ಸಣ್ಣಮ್ಮನ ಕಡೆ ತಿರುಗಿದರು.

"ನನ್ನ ಪಾಠಾನ ಇಷ್ಟು ನಂಬಿದೋನು ಇವನೊಬ್ಬನೇ ಸಣ್ಣಮ್ಮಾ" ಅಂದರು. "ಇರಲಿ ಬಿಡಿ, ನಾನು ನೋಡ್ಕೋತೀನಿ. ಫ್ಯಾನ್ ಒಂದನ್ನ ಮಾತ್ರ ಮುಟ್ಟಬಾರದು!"

ಮಾಯಿಗ ಕಣ್ಣೊರೆಸಿಕೊಂಡ. ಅವ್ವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಅವಳ ಸೆರಗಿಗೆ ಮೆತ್ತಿದ್ದ ಅಂಗಳದ ಧೂಳನ್ನು ಜೋಪಾನವಾಗಿ ಕೊಡವಿ, ಅಂಗೈಯಲ್ಲಿ ಹಿಡಿದು ಮೇಡಂಗೆ ಕೊಟ್ಟ.

"ತಗಳಿ ಮೇಡಂ, ಚಂದ್ರನ ಮಣ್ಣು. ಮಕ್ಕಳಿಗೆ ತೋರ್ಸಿ!"