ತಿರುಗಿ ಕೂತ ರಸಮಟ್ಟ

ಹೊಸದಾಗಿ ಕೂರಿಸಿದ ಹೊಸ್ತಿಲ ಕಲ್ಲು ಸಮವಾಗಿದೆಯೇ ಎಂದು ನೋಡಲು ಮೇಸ್ತ್ರಿ ಸಾಬಣ್ಣ ಅದರ ಮೇಲೆ ರಸಮಟ್ಟ ಇಟ್ಟ. ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲದೆ ಬಲಕ್ಕೆ ಸರಿಯಿತು.

"ಬಲಗಡೆ ಎತ್ತರವಾಗಿದೆ. ಕಿತ್ತುಹಾಕಿ," ಎಂದಿತು ರಸಮಟ್ಟ. ಸಾಬಣ್ಣ ಹಾರೆ ತರಲು ಹೋದ.

ಕಲ್ಲು ಹೇಳಿತು: "ನಿನ್ನೆ ಕಿಟಕಿಯ ಕಲ್ಲಿಗೂ ಇದನ್ನೇ ಹೇಳಿದೆ. ಕೀಳುವಾಗ ಅದು ಒಡೆದೇ ಹೋಯಿತು. ನಮ್ಮನ್ನೆಲ್ಲ ನೀನು ಅಳೆಯುತ್ತೀಯ. ನಿನ್ನನ್ನು ಅಳೆಯುವವರು ಯಾರು?"

ರಸಮಟ್ಟಕ್ಕೆ ಸಿಟ್ಟು ಬಂತು, ಆದರೂ ಆ ಪ್ರಶ್ನೆ ಮನಸ್ಸಿಗೆ ನಾಟಿತು. ಸಾಬಣ್ಣ ಹಾರೆ ಹಿಡಿದು ಬಂದಾಗ ಅದು ಹೇಳಿತು: "ತಡೆಯಿರಿ ಮೇಸ್ತ್ರಿ. ನನ್ನ ಎಡತುದಿ ಬಲಕ್ಕೆ ಬರುವಂತೆ ತಿರುಗಿಸಿ ಇದೇ ಜಾಗದಲ್ಲಿಡಿ. ಕಲ್ಲು ಓರೆಯಾಗಿದ್ದರೆ ಗುಳ್ಳೆ ಮತ್ತೆ ಬಲಕ್ಕೇ ಹೋಗುತ್ತದೆ. ಎಡಕ್ಕೆ ಬಂದರೆ ಓರೆ ನನ್ನದು."

"ನಿನ್ನದೇ ಆದರೆ ಗುಜರಿಗೆ ಹೋಗುತ್ತೀಯ," ಎಂದಿತು ಗೋಡೆಯ ನೇರ ನೋಡಲು ಪಕ್ಕದಲ್ಲಿ ನೇತುಹಾಕಿದ್ದ ತೂಗುಗುಂಡು.

"ಹೋದರೆ ಹೋದೆ. ತಿರುಗಿಸಿ ಮೇಸ್ತ್ರಿ."

ಸಾಬಣ್ಣ ತಿರುಗಿಸಿದ. ಗುಳ್ಳೆ ಮೊದಲು ಬಲಕ್ಕೆ ಎಷ್ಟು ಸರಿದಿತ್ತೋ ಅಷ್ಟೇ ಎಡಕ್ಕೆ ಬಂದು ನಿಂತಿತು. ಅವನು ಹಾರೆಯನ್ನು ಕೆಳಗಿಟ್ಟ.

"ಅಲ್ಲಿಗೆ ನಿನ್ನ ಕೆಲಸ ಮುಗಿಯಿತು," ಎಂದಿತು ಬದುಕಿದ ಕಲ್ಲು.

"ಇಲ್ಲ," ಎಂದಿತು ರಸಮಟ್ಟ. "ಇಷ್ಟು ದಿನ ನನ್ನ ಓರೆಯನ್ನು ನಿಮ್ಮ ಮೇಲೆ ಹೊರಿಸುತ್ತಿದ್ದೆ. ಅದು ಎಷ್ಟೆಂದು ಈಗ ಗೊತ್ತಾಯಿತು. ಮೇಸ್ತ್ರಿ, ಇನ್ನು ಪ್ರತಿ ಕಲ್ಲಿನ ಮೇಲೂ ನನ್ನನ್ನು ತಿರುಗಿಸಿ ಎರಡು ಸಲ ಇಡಿ. ಒಂದೇ ಸಲಕ್ಕೆ ನನ್ನ ಮಾತು ನಂಬಬೇಡಿ."

ಸಾಬಣ್ಣ ಅದನ್ನು ಅಂಗಿಯ ತುದಿಯಿಂದ ಒರೆಸಿ, ಮೊದಲು ಕಿಟಕಿಯ ಬಳಿಗೆ, ಒಡೆದ ಕಲ್ಲು ಖಾಲಿ ಮಾಡಿದ್ದ ಜಾಗಕ್ಕೆ ಒಯ್ದ.