ಎರಡು ಸಲ ತಟ್ಟಿದ ಕೈ

ಅವತ್ತು ಸೋಮವಾರ. ಗರಡಿಯ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ್ದರು. ಹೊಳೆಯಲ್ಲಿ ಮಿಂದು ಬಂದ ಪೈಲ್ವಾನರು ಗೋಡೆಗೆ ಒರಗಿ ನಿಂತಿದ್ದರು.

ವಿಶ್ವವಿದ್ಯಾಲಯದ ಕುಸ್ತಿಗೆ ಕಾಲೇಜಿನಿಂದ ಒಂದು ತೂಕಕ್ಕೆ ಒಬ್ಬನೇ ಹೋಗಬಹುದಿತ್ತು. ಆ ತೂಕದಲ್ಲಿ ಇಬ್ಬರಿದ್ದರು. ಚನವೀರ ಮತ್ತು ಪರಸಪ್ಪ. ಇಬ್ಬರಿಗೂ ಒಂದೇ ಕೋಣೆ, ಒಂದೇ ಹಾಲಿನ ತಂಬಿಗೆ. ಸೈನ್ಯದ ಅಧಿಕಾರಿ ಹುದ್ದೆಯ ಲಿಖಿತ ಪರೀಕ್ಷೆಯನ್ನೂ ಒಟ್ಟಿಗೇ ಪಾಸಾಗಿದ್ದರು. ದೇಹ ಪರೀಕ್ಷೆ ಮುಂದಿನ ತಿಂಗಳಿತ್ತು.

ಫಕೀರಪ್ಪ ಉಸ್ತಾದರ ಗರಡಿಯಲ್ಲಿ ಒಂದು ನಿಯಮವಿತ್ತು. ಜೊತೆಯವನು ನಿನ್ನ ಮೈಮೇಲೆ ಎರಡು ಸಲ ತಟ್ಟಿದರೆ ಹಿಡಿತ ಬಿಡಬೇಕು. ಯಾಕೆಂದು ಕೇಳುವಂತಿಲ್ಲ. ತಟ್ಟಿದವನು ಸೋತಂತೆಯೂ ಅಲ್ಲ. ಇಬ್ಬರೂ ಎದ್ದು ಹೊಸದಾಗಿ ಕೈ ಕೂಡಿಸಬೇಕು.

ಪ್ರಿನ್ಸಿಪಾಲರು ನೋಡಲು ಬಂದಿದ್ದರು. ಅರ್ಧ ಕಾಲೇಜೇ ಬಂದಿತ್ತು. ಕಾಲು ಗಂಟೆಯ ಹೋರಾಟದ ನಂತರ ಚನವೀರನಿಗೆ ಪರಸಪ್ಪನ ಬಲಗೈ ಸಿಕ್ಕಿತು.

ಪರಸಪ್ಪ ತಟ್ಟಿದ. ಚನವೀರ ಬಿಡಲಿಲ್ಲ.

ಮೊಣಕೈ ಮುರಿಯಿತು.

"ಗೊತ್ತಾಗಲಿಲ್ರಿ," ಎಂದ ಚನವೀರ. "ಗದ್ದಲದಾಗ ಗೊತ್ತಾಗಲಿಲ್ಲ."

ಚಪ್ಪಾಳೆ, ಸಿಳ್ಳೆ ಎಲ್ಲ ಇದ್ದದ್ದು ನಿಜ. ಎಲ್ಲರೂ ನಂಬಿದರು.

ಮುಂದಿನ ತಿಂಗಳು ದೇಹ ಪರೀಕ್ಷೆಗೆ ಚನವೀರನೊಬ್ಬನೇ ರೈಲು ಹತ್ತಿದ.

ಮೂವತ್ತೈದು ವರ್ಷ ಕಳೆದ ಮೇಲೆ ಬ್ರಿಗೇಡಿಯರ್ ಚನವೀರ ನಿವೃತ್ತನಾಗಿ ಅದೇ ಗರಡಿಗೆ ಬಂದ. ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಬೂಟು ಕಳಚಿ, ಹೊಸ್ತಿಲ ಮಣ್ಣನ್ನು ಹಣೆಗೆ ಹಚ್ಚಿಕೊಂಡು ಒಳಗೆ ಕಾಲಿಟ್ಟ. ಕಂಕುಳಲ್ಲಿ ಒಂದು ರೇಷ್ಮೆ ಪೇಟವಿತ್ತು.

ಉಸ್ತಾದರಿಗೆ ಎಂಬತ್ತಾರು. ಕಟ್ಟೆಯ ಮೇಲೆ ಕೂತು ಪೈಲ್ವಾನರು ಸಾಮು ಮಾಡುವುದನ್ನು ನೋಡುತ್ತಿದ್ದರು.

"ಉಸ್ತಾದ್, ನಾ ಚನವೀರ."

"ಜೋರಾಗಿ ಹೇಳು. ಎಂಟು ವರ್ಷಾತು, ಕಿವಿ ಕೇಳಸಂಗಿಲ್ಲ."

"ಚನವೀರ ರೀ!"

"ಚನ್ನ್ಯಾ ಏನು? ಹೊಟ್ಟಿ ನೋಡಿ ಯಾರೋ ಸಾಹುಕಾರ ಬಂದಾನ ಅನ್ಕೊಂಡೆ."

ಪೈಲ್ವಾನರು ನಕ್ಕರು. ಚನವೀರನೂ ನಕ್ಕ. ಕಾಲು ಮುಟ್ಟಿ ಕೆಳಗೆ ಕೂತ.

"ಶನಿವಾರ ಕಾಲೇಜಿನಾಗ ನನಗ ಸನ್ಮಾನ ಐತ್ರಿ," ಎಂದು ಗಂಟಲೆತ್ತಿ ಹೇಳಿದ. "ಈ ಪೇಟಾ ನೀವು ಸುತ್ತಬೇಕು. ಬ್ಯಾರೆ ಯಾರ ಕೈಲೂ ನಾ ಸುತ್ತಿಸ್ಕೊಳ್ಳಂಗಿಲ್ಲ."

"ಯಾತಕ್ಕ ಸನ್ಮಾನ?"

ಚನವೀರ ಜೇಬಿನಿಂದ ಕಾಲೇಜಿನ ಪತ್ರ ತೆಗೆದ. ಕಾಲೇಜಿನ ಕುಸ್ತಿಪಟು, ವಿಶ್ವವಿದ್ಯಾಲಯದ ಚಾಂಪಿಯನ್, ಸೈನ್ಯದಲ್ಲಿ ಮೂರು ಪದಕ. ಒಂದೊಂದೇ ಸಾಲು ಓದುತ್ತ ಹೋದ.

"ಅದರಾಗ ದೊಡ್ಡದು ಯಾವುದು?"

ಚನವೀರ ಸ್ವಲ್ಪ ಯೋಚಿಸಿ ಹೇಳಿದ. "ಗಡಿಯ ಮ್ಯಾಲ ಒಂದು ಶಿಖರ ಇತ್ರಿ. ನಾವು ಹತ್ತತಿದ್ವಿ. ಎರಡೂ ಕಡೆ ಗುಂಡು. ಅವರ ಬಂಕರಿನೊಳಗಿಂದ ಒಂದು ಕೈ ಮ್ಯಾಲೆದ್ದಿತು. ಗುಂಡು ನಿಲ್ಲಸ್ರಿ ಅಂದೆ. ಹನ್ನೊಂದು ಮಂದಿ ಜೀವಂತ ಹೊರಗ ಬಂದ್ರು. ನಮ್ಮವರೂ ಯಾರೂ ಸಾಯಲಿಲ್ಲ."

"ಎಷ್ಟು ದೂರ ಇತ್ತು ಆ ಕೈ?"

"ಮುನ್ನೂರು ಗಜ ರೀ."

"ಮುನ್ನೂರು ಗಜ," ಎಂದರು ಉಸ್ತಾದರು.

ಚನವೀರ ಪತ್ರವನ್ನು ಮಡಚಿದ. ಮಡಚಿದ್ದನ್ನು ಬಿಚ್ಚಿದ. ಮತ್ತೆ ಮಡಚಿದ.

"ಅವತ್ತು ಗದ್ದಲ ಭಾಳ ಇತ್ರಿ," ಎಂದ.

ಯಾವತ್ತು ಎಂದು ಉಸ್ತಾದರು ಕೇಳಲಿಲ್ಲ. ಕಟ್ಟೆಯಿಂದ ಇಳಿದು, ಮಣ್ಣಿನಲ್ಲಿ ಮಂಡಿಯೂರಿ ಕೂತರು. "ಬಾ ಇಲ್ಲಿ. ಕೈ ಕೊಡು."

ಚನವೀರ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮಣ್ಣಿಗೆ ಇಳಿದ. ಉಸ್ತಾದರು ಅವನ ಬಲಗೈಯನ್ನು ತಮ್ಮ ಕಂಕುಳಿಗೆ ಸೇರಿಸಿ, ಮೊಣಕೈ ಕೀಲಿಗೆ ಹೆಬ್ಬೆರಳು ಕೊಟ್ಟು ಹಿಡಿದರು. ಎಂಬತ್ತಾರು ವರ್ಷದ ಹಿಡಿತವೇ ಇದು ಎಂದು ಅವನಿಗೆ ಆಶ್ಚರ್ಯವಾಯಿತು.

"ಲೇ, ಎಲ್ಲಾರೂ ಚಪ್ಪಾಳಿ ಹೊಡೀರಿ!" ಎಂದು ಕೂಗಿದರು ಉಸ್ತಾದರು. "ಸಿಳ್ಳಿ ಹಾಕ್ರಿ! ಮಾಳಿಗಿ ಹಾರಿ ಹೋಗಬೇಕು!"

ಪೈಲ್ವಾನರಿಗೆ ಏನೂ ತಿಳಿಯಲಿಲ್ಲ. ಆದರೂ ಹೊಡೆದರು. ಒಬ್ಬ ಕಬ್ಬಿಣದ ಗದೆಯನ್ನು ಕಲ್ಲಿಗೆ ಕುಟ್ಟಿದ. ಇನ್ನೊಬ್ಬ ಹಲಗೆ ತಂದು ಬಾರಿಸಿದ.

ಉಸ್ತಾದರು ಕೈ ತಿರುಚಿದರು. ನೋವು ಭುಜದ ತನಕ ಏರಿತು. ಚನವೀರ ಹಲ್ಲು ಕಚ್ಚಿದ. ಇನ್ನೂ ತಿರುಚಿದರು.

ಚನವೀರ ಎಡಗೈಯಿಂದ ಅವರ ಬೆನ್ನ ಮೇಲೆ ಎರಡು ಸಲ ತಟ್ಟಿದ. ಮುದುಕರಿಗೆ ಪೆಟ್ಟಾದೀತೆಂದು ಬೆರಳ ತುದಿಯಿಂದಷ್ಟೇ ತಟ್ಟಿದ.

ಉಸ್ತಾದರು ತಟ್ಟನೆ ಹಿಡಿತ ಬಿಟ್ಟರು.

ಉಸ್ತಾದರು ಕೈ ಎತ್ತಿದರು. ಗದ್ದಲ ನಿಂತಿತು. ಅವರು ಮಣ್ಣಿನಲ್ಲೇ ಕೂತು ಉಸಿರು ಸುಧಾರಿಸಿಕೊಳ್ಳುತ್ತ ಅವನನ್ನು ನೋಡುತ್ತಿದ್ದರು.

"ಗೊತ್ತಾಗಿತ್ರಿ," ಎಂದ ಚನವೀರ, ಮೆಲ್ಲಗೆ.

"ಕೇಳಸಂಗಿಲ್ಲ. ಜೋರಾಗಿ ಹೇಳು."

ಪೈಲ್ವಾನರು ಸುತ್ತ ನಿಂತಿದ್ದರು. ಸಾವಿರಾರು ಸೈನಿಕರಿಗೆ ಆಜ್ಞೆ ಕೊಟ್ಟ ಗಂಟಲು ಅದು.

"ಪರಸ್ಯಾ ತಟ್ಟಿದ್ದು ನನಗ ಗೊತ್ತಾಗಿತ್ತು!" ಎಂದು ಕೂಗಿದ. "ಬಿಟ್ರ ಮತ್ತ ಸಿಗಂಗಿಲ್ಲ ಅನ್ನಿಸ್ತು. ಅದಕ್ಕ ಬಿಡಲಿಲ್ಲ!"

ಹಲಗೆ ಹಿಡಿದವನು ಅದನ್ನು ಮೆಲ್ಲಗೆ ಕೆಳಗಿಟ್ಟ.

"ನನಗೂ ಗೊತ್ತಿತ್ತು," ಎಂದರು ಉಸ್ತಾದರು.

ಚನವೀರ ತಲೆ ಎತ್ತಿದ.

"ಅವನ ಕೈ ನಿನ್ನ ಬೆನ್ನ ಮ್ಯಾಲ ಎರಡು ಸಲ ಬಿದ್ದದ್ದು ನಾ ಇದೇ ಕಟ್ಟಿ ಮ್ಯಾಲ ಕುಂತು ನೋಡಿದ್ದೆ. ಅವತ್ತೇ ಕೇಳಬೇಕಿತ್ತು. ಒಬ್ಬನ್ನ ಕಳಕೊಂಡಿದ್ದೆ. ಇಬ್ಬರನ್ನೂ ಕಳಕೊಳ್ಳಲಿಕ್ಕೆ ಧೈರ್ಯ ಸಾಲಲಿಲ್ಲ."

"ಪರಸ್ಯಾ ನಿಮಗೇನೂ ಅನ್ನಲಿಲ್ಲೇನ್ರಿ?"

"ಒಂದು ಮಾತು ಕೇಳಿದ. ನಾ ಮೆಲ್ಲಗ ತಟ್ಟಿದೆನೇನ್ರಿ ಉಸ್ತಾದ್, ಅಂತ."

ಚನವೀರ ಮುಖ ಮುಚ್ಚಿಕೊಂಡ. ಅಂಗೈ ತುಂಬ ಕೆಂಪು ಮಣ್ಣಿತ್ತು. ಉಸ್ತಾದರು ಅವನ ಬೆನ್ನ ಮೇಲೆ ಕೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಪೈಲ್ವಾನರು ಒಬ್ಬೊಬ್ಬರಾಗಿ ಹೊಳೆಯ ಕಡೆಗೆ ಹೋದರು.

ಕೊನೆಗೆ ಚನವೀರ ಎದ್ದು ಉಸ್ತಾದರನ್ನು ಎಬ್ಬಿಸಿ ಕಟ್ಟೆಯ ಮೇಲೆ ಕೂರಿಸಿದ. ಪೇಟವನ್ನು ಕೈಗೆ ತೆಗೆದುಕೊಂಡ. ಶನಿವಾರ ಬರುತ್ತೀರೋ ಇಲ್ಲವೋ ಎಂದು ಕೇಳಲಿಲ್ಲ.

"ಇದನ್ನ ಇಲ್ಲೇ ಇಟ್ಟು ಹೋಗಲೇನ್ರಿ?"

"ಇಡು."

ಇಟ್ಟ. ಬಾಗಿಲ ತನಕ ಹೋಗಿ, ಬೂಟು ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು, ತಿರುಗಿ ನಿಂತ.

"ಪರಸ್ಯಾ ಈಗ ಎಲ್ಲಿ ಇರ್ತಾನ್ರಿ?"

ಈ ಸಲ ಅವನು ಮೆಲ್ಲಗೇ ಕೇಳಿದ್ದ. ಉಸ್ತಾದರು ಜೋರಾಗಿ ಹೇಳು ಎನ್ನಲಿಲ್ಲ.

"ಊರ ಅಗಸಿ ಬಾಗಿಲು ದಾಟಿದ ಮ್ಯಾಲ ಎಡಕ್ಕ ಒಂದು ಹಿಟ್ಟಿನ ಗಿರಣಿ ಐತಿ," ಎಂದರು ಉಸ್ತಾದರು. "ಆರರ ತನಕ ತೆರೆದಿರತೈತಿ."